ತಂತಿಯಲ್ಲಿ ಊರಿನ ದನಿ

ಪರರ ಗೀತೆಗಳನ್ನು ಅವರಂತೆಯೇ ನುಡಿಸಿ ಚಪ್ಪಾಳೆ ಗಳಿಸುವುದು ಸುಲಭ. ಬೆಂಗಳೂರಿನ ಗಿಟಾರ್ ವಾದಕ ಬ್ರೂಸ್ ಲೀ ಮಣಿ ಆ ದಾರಿಯನ್ನು ನೆಚ್ಚಲಿಲ್ಲ. 1996ರಲ್ಲಿ ಆರಂಭವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡದಲ್ಲಿ ಅವರು ಗಿಟಾರ್ ನುಡಿಸುತ್ತ ಹಾಡುವವರು. ಸ್ವಂತ ರಚನೆಗಳನ್ನೇ ನಂಬಿದ ಈ ತಂಡ ತನ್ನ ಸಂಗೀತವನ್ನು ‘ಬ್ಯಾಂಗಲೋರ್ ರಾಕ್’ ಎಂದು ಕರೆದುಕೊಂಡಿತು.

ಮಣಿಯವರ ಶೈಲಿಯಲ್ಲಿ ಬ್ಲೂಸ್, ಜಾಝ್, ಫಂಕ್ ಬೆರೆತಿವೆ. ಬ್ಲೂಸ್ ಅಮೆರಿಕದ ದಕ್ಷಿಣ ಭಾಗದಲ್ಲಿ ಕಪ್ಪು ಜನರ ದುಡಿಮೆ, ದುಃಖಗಳಿಂದ ಹುಟ್ಟಿದ ಸಂಗೀತ. ಅದರಲ್ಲಿ ವಾದಕನು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆಳೆದು ಸ್ವರವನ್ನು ಮೇಲೇರಿಸುತ್ತಾನೆ; ಆಗ ತಂತಿಯೇ ನರಳಿದಂತೆ ಕೇಳುತ್ತದೆ. ಆಜರಾ ಸೀಮೆಯವರಿಗೆ ಇದು ತೀರ ಅಪರಿಚಿತವಲ್ಲ. ಮಿರಜಿನಲ್ಲಿ ತಯಾರಾಗುವ ಸಿತಾರಿನಲ್ಲಿ ಮೀಂಡ್ ಹೊಮ್ಮುವುದೂ ಹೀಗೆಯೇ.

2012ರಲ್ಲಿ ತಂಡವು ‘ತ್ರೀ ವೀಲ್ಸ್ ನೈನ್ ಲೈವ್ಸ್’ ಎಂಬ ಮೂರು ಭಾಗಗಳ ಧ್ವನಿಮುದ್ರಿಕೆಯನ್ನು ಹೊರತಂದಿತು. ಸಂಗೀತ ಶಾಲೆಯನ್ನೂ ತೆರೆಯಿತು. ಅವರ ಹಾಡುಗಳ ಭಾಷೆ ಇಂಗ್ಲಿಷ್. ಆದರೂ ಹೆಸರಿನಲ್ಲಿ ಹೊತ್ತದ್ದು ತಮ್ಮೂರನ್ನೇ.

ಮರಾಠಿಯ ನಡುವೆ ಕನ್ನಡದಲ್ಲಿ ಓದುವ ಮಕ್ಕಳು ಗಮನಿಸಬೇಕಾದುದು ಇದನ್ನೇ: ದೂರದ ವಿದ್ಯೆಯನ್ನು ಮನಸಾರೆ ಕಲಿಯಬಹುದು, ಅದಕ್ಕಾಗಿ ಸ್ವಂತ ದನಿಯನ್ನು ತೊರೆಯಬೇಕಾಗಿಲ್ಲ.