ವಾರಕ್ಕೊಂದು ಪೆನ್ನಿ

ಶಾಲೆ ಶುರುವಾಗಿ ಎರಡನೇ ದಿನ. ನನ್ನ ಮೊಮ್ಮಗಳು ಬ್ಯಾಗನ್ನು ಸೋಫಾದ ಮೇಲೆ ಎಸೆದು, ಶೂ ಕೂಡ ಬಿಚ್ಚದೆ ನನ್ನ ಕೋಣೆಗೆ ಬಂದಳು. ಕಣ್ಣು ಕೆಂಪಗಾಗಿದ್ದವು.

“ತಾತ, ನಮ್ಮ ಕ್ಲಾಸ್ ಒಡೆದುಬಿಟ್ರು.”

ಐದನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ ಅರವತ್ತು ದಾಟಿತಂತೆ. ಎ, ಬಿ ಎಂದು ಎರಡು ಸೆಕ್ಷನ್ ಮಾಡಿದ್ದಾರೆ. ಇವಳು ಬಿ. ಒಂದನೇ ತರಗತಿಯಿಂದ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ಎ.

“ಚೆನ್ನಾಗಿದ್ದಿದ್ದನ್ನ ಯಾಕೆ ಒಡೀಬೇಕು ತಾತ?”

ಇದೇ ಪ್ರಶ್ನೆಯನ್ನು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನೂ ಕೇಳಿದ್ದೆ. ಅದೂ ನಾಲ್ಕು ಜನರ ಮುಂದೆ ಎದ್ದು ನಿಂತು, ಇವಳಿಗಿಂತ ಗಟ್ಟಿ ದನಿಯಲ್ಲಿ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸಂಜೆ ಎರಡು ಕಥೆ ಹೇಳಿದೆ. ಒಂದು ಇಂಗ್ಲೆಂಡಿನದು, ಬಹಳ ಹಳೆಯದು. ಇನ್ನೊಂದು ನನ್ನದೇ. ಅದನ್ನು ಹೇಳಲು ನನಗೆ ಈಗಲೂ ಸ್ವಲ್ಪ ಸಂಕೋಚ.

ಮೊದಲು ಇಂಗ್ಲೆಂಡಿನ ಕಥೆ.

ಜಾನ್ ವೆಸ್ಲಿ ಎಂಬ ಪಾದ್ರಿಯೊಬ್ಬರಿದ್ದರು. ಹುಟ್ಟಿದ್ದು 1703ರಲ್ಲಿ. ಕುಳ್ಳಗಿನ ಆಳು, ಆದರೆ ಎಲ್ಲದರಲ್ಲೂ ಕಟ್ಟುನಿಟ್ಟು. ಆಕ್ಸ್‌ಫರ್ಡಿನಲ್ಲಿದ್ದಾಗ ಅವರೂ ಗೆಳೆಯರೂ ಎದ್ದೇಳುವುದು, ಓದುವುದು, ಜೈಲಿನ ಕೈದಿಗಳನ್ನು ನೋಡಲು ಹೋಗುವುದು ಎಲ್ಲವನ್ನೂ ಕ್ರಮಬದ್ಧವಾಗಿ ಮಾಡುತ್ತಿದ್ದುದನ್ನು ಕಂಡು ಉಳಿದವರು ‘ಮೆಥಡಿಸ್ಟರು’ ಎಂದು ಗೇಲಿ ಮಾಡಿದರು. ಗೇಲಿಯ ಹೆಸರೇ ಮುಂದೆ ಒಂದು ದೊಡ್ಡ ಸಭೆಯ ಹೆಸರಾಯಿತು.

1739ರಲ್ಲಿ ವೆಸ್ಲಿ ಬ್ರಿಸ್ಟಲ್ ಎಂಬ ಬಂದರು ಊರಿಗೆ ಬಂದು ಬಯಲಿನಲ್ಲಿ ನಿಂತು ಬೋಧಿಸಲು ಶುರುಮಾಡಿದರು. ಹತ್ತಿರದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯ ಕೂಲಿಕಾರರೂ ಕೇಳಲು ಬಂದರು. ಚರ್ಚಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಜನ ಅವರು. ಇವರೆಲ್ಲ ಕೂಡಲು ಒಂದು ಜಾಗ ಬೇಕಲ್ಲ? ಅದೇ ವರ್ಷ ‘ನ್ಯೂ ರೂಮ್’ ಎಂಬ ಕಟ್ಟಡ ಎದ್ದಿತು. ಅದು ಈಗಲೂ ಬ್ರಿಸ್ಟಲ್‌ನಲ್ಲಿದೆ. ಕಟ್ಟಡವೇನೋ ಎದ್ದಿತು, ಜೊತೆಗೆ ಸಾಲವೂ ಬೆಳೆಯಿತು.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಾಲ ಎಂಬ ಪದ ಬಂದ ತಕ್ಷಣ ಕಿವಿ ನಿಮಿರುತ್ತದೆ. ತೀರಿಸಿದ್ದು ಹೇಗೆ ಎಂದು ನೋಡಿದಾಗ ಸಿಕ್ಕಿದ್ದೇ ಈ ಕಥೆ.

1742ರ ಫೆಬ್ರವರಿ 15ರಂದು ಸಾಲ ತೀರಿಸುವ ದಾರಿ ಹುಡುಕಲು ಎಲ್ಲರೂ ಸೇರಿದರು. ಕ್ಯಾಪ್ಟನ್ ಫಾಯ್ ಎಂಬುವವರು ಒಂದು ಸಲಹೆ ಕೊಟ್ಟರು: ಸಾಲ ತೀರುವವರೆಗೆ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ. ಆಗ ಮತ್ತೊಬ್ಬರು, ನಮ್ಮಲ್ಲಿ ಅನೇಕರು ಬಡವರು, ಅಷ್ಟೂ ಅವರ ಕೈಲಾಗದು ಎಂದರು. ಅದಕ್ಕೆ ಫಾಯ್, ಎಲ್ಲರಿಗಿಂತ ಬಡವರಾದ ಹನ್ನೊಂದು ಜನರನ್ನು ನನಗೇ ಒಪ್ಪಿಸಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಅವರು ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ, ನೀವೂ ಹೀಗೇ ಹನ್ನೊಂದು ಹನ್ನೊಂದು ಜನರನ್ನು ವಹಿಸಿಕೊಳ್ಳಿ ಎಂದರು.

ಮಕ್ಕಳೇ, ಹನ್ನೊಂದೇ ಯಾಕೆ? ಅಂದಿನ ಇಂಗ್ಲೆಂಡಿನಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಹನ್ನೊಂದು ಜನರ ಜೊತೆ ಮುಂದಾಳು ಸೇರಿದರೆ ಹನ್ನೆರಡು, ವಾರಕ್ಕೆ ಸರಿಯಾಗಿ ಒಂದು ಶಿಲ್ಲಿಂಗ್! ವರ್ಷಕ್ಕೆ 52 ಶಿಲ್ಲಿಂಗ್, ಅಂದರೆ 2 ಪೌಂಡ್ 12 ಶಿಲ್ಲಿಂಗ್. ಕ್ಯಾಪ್ಟನ್ ಈ ಲೆಕ್ಕ ಹಾಕಿಯೇ ಹೇಳಿದರೋ ಇಲ್ಲವೋ, ಗುಮಾಸ್ತನ ಕಣ್ಣಿಗಂತೂ ಅದು ಕಂಡೇ ಕಾಣುತ್ತದೆ. ನಮ್ಮಲ್ಲೂ ಹಿಂದೆ 12 ಕಾಸಿಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಇತ್ತು. ಇನ್ನೊಂದು ತಮಾಷೆ ಕೇಳಿ. ಇಂಗ್ಲೆಂಡ್ ಆ ಹಳೆಯ ಲೆಕ್ಕವನ್ನು ಬಿಟ್ಟು ನೂರು ಪೆನ್ನಿಗೆ ಒಂದು ಪೌಂಡ್ ಎಂದು ಬದಲಾಯಿಸಿಕೊಂಡದ್ದು 1971ರಲ್ಲಿ. ತಾರೀಕು ಅದೇ ಫೆಬ್ರವರಿ 15!

ಈ ಹನ್ನೆರಡು ಜನರ ಗುಂಪಿಗೆ ಇಟ್ಟ ಹೆಸರು ‘ಕ್ಲಾಸ್’. ಪಾಠದ ಕ್ಲಾಸ್ ಅಲ್ಲ, ವಿಂಗಡಿಸಿದ ಗುಂಪು ಎಂಬ ಅರ್ಥ.

ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಪೆನ್ನಿಯ ಜೊತೆ ಬೇರೆಯದೂ ಸಿಕ್ಕಿತು. ಒಂದು ಮನೆಯಲ್ಲಿ ಗಂಡ ಕುಡಿದು ಬಂದಿದ್ದಾನೆ. ಇನ್ನೊಂದರಲ್ಲಿ ಗಂಡಹೆಂಡಿರ ಜಗಳ. ಮತ್ತೊಂದರಲ್ಲಿ ಕಾಯಿಲೆ. ಸಂಗತಿಗಳು ವೆಸ್ಲಿಯ ಕಿವಿಗೆ ಬಿದ್ದವು. ಸಾವಿರಾರು ಜನರಿಗೆ ಬೋಧಿಸಬಹುದು, ಆದರೆ ಅವರಲ್ಲಿ ಒಬ್ಬೊಬ್ಬರನ್ನೂ ವಿಚಾರಿಸಿಕೊಳ್ಳುವುದು ಹೇಗೆ ಎಂಬ ಚಿಂತೆ ಅವರಿಗೆ ಬಹಳ ದಿನದಿಂದ ಇತ್ತು. ಉತ್ತರ ತಾನಾಗಿಯೇ ಮನೆಬಾಗಿಲಿಗೆ ಬಂದಿತ್ತು.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ಏಜೆಂಟರು ದಿನವೂ ಮನೆ, ಅಂಗಡಿಗಳಿಗೆ ಹೋಗಿ ಎರಡಾಣೆಯನ್ನೂ ಜಮಾ ಮಾಡಿಕೊಂಡು ಬರುತ್ತಿದ್ದರು. ಪಿಗ್ಮಿ ಏಜೆಂಟರನ್ನು ಬಲ್ಲ ಅಜ್ಜ ಅಜ್ಜಿಯರಿಗೆ ಗೊತ್ತು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಅಂಗಡಿಯಲ್ಲಿ ವ್ಯಾಪಾರ ಬಿದ್ದಿದೆ ಎಂಬುದು ಮ್ಯಾನೇಜರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಕೌಂಟರಿನ ಹಿಂದೆ ಕೂತ ನಮಗೆ ಕಾಣುತ್ತಿದ್ದುದು ಅಂಕಿ ಮಾತ್ರ.

ಬ್ರಿಸ್ಟಲ್‌ನಲ್ಲಿ ಮನೆಮನೆ ಸುತ್ತುವುದು ಕಷ್ಟವಾಯಿತು. ಕೆಲವರು ಬೇರೆಯವರ ಮನೆಯಲ್ಲಿ ಆಳುಗಳು, ಯಜಮಾನರು ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ಹನ್ನೆರಡು ಜನರೂ ವಾರಕ್ಕೊಮ್ಮೆ ಒಂದೇ ಕಡೆ ಸೇರತೊಡಗಿದರು. ಮುಂದಾಳು ಒಬ್ಬೊಬ್ಬರನ್ನೂ ಹೇಗಿದ್ದೀರಿ, ಮನಸ್ಸು ಹೇಗಿದೆ ಎಂದು ಕೇಳಬೇಕು. ಎಷ್ಟೋ ಕಡೆ ಮುಂದಾಳುಗಳು ಹೆಂಗಸರೇ. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನನ್ನ ಮನಸ್ಸಿಗೆ ತುಂಬ ನಾಟಿದ್ದು ಮೆಥಡಿಸ್ಟರ ಹಾಜರಿ ಪುಸ್ತಕದ ಕ್ರಮ. ಬರದವರ ಹೆಸರಿನ ಮುಂದೆ ಬರದ ಕಾರಣವನ್ನೂ ಗುರುತಿಸುತ್ತಿದ್ದರು. ಕಾಯಿಲೆಯೋ, ಕೆಲಸವೋ, ದೂರ ಹೋಗಿದ್ದಾರೋ, ಉದಾಸೀನವೋ, ಕಾರಣಕ್ಕೊಂದು ಅಕ್ಷರವಿತ್ತು. ಅಂದರೆ ಯಾರಾದರೂ ಹೋಗಿ ವಿಚಾರಿಸಲೇಬೇಕು.

ಒಂದು ಗುಂಪು ದೊಡ್ಡದಾದಂತೆ ಇನ್ನೊಂದು ಹುಟ್ಟಿತು. ಅದೇ ವರ್ಷ ಲಂಡನ್ನಿನಲ್ಲೂ ಶುರುವಾಯಿತು. 1766ರಲ್ಲಿ ನ್ಯೂಯಾರ್ಕ್‌ನಲ್ಲಿ ಬಾರ್ಬರಾ ಹೆಕ್ ಎಂಬ ಹೆಣ್ಣುಮಗಳು ಬಡಗಿಯಾಗಿದ್ದ ತನ್ನ ಬಂಧು ಫಿಲಿಪ್ ಎಂಬರಿಯನ್ನು ಬೋಧನೆಗೆ ಒತ್ತಾಯಿಸಿದಾಗ ಅವನ ಮನೆಯಲ್ಲಿ ಸೇರಿದ್ದವರು ಐದೇ ಜನ. ಅವರಲ್ಲೊಬ್ಬಳು ಬೆಟ್ಟಿ ಎಂಬ ಆಫ್ರಿಕಾ ಮೂಲದ ದಾಸಿ. 1791ರಲ್ಲಿ ವೆಸ್ಲಿ ತೀರಿಕೊಂಡಾಗ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಈ ಗುಂಪುಗಳಿಗೆ ಸೇರಿದವರು ಸುಮಾರು 72 ಸಾವಿರ.

ಆ ಕವಲು ನಮ್ಮ ಮೈಸೂರು ಸೀಮೆಗೂ ಬಂತು. ಮೈಸೂರಿನ ಹಾರ್ಡ್ವಿಕ್ ಶಾಲೆ, ಕನ್ನಡ ಪುಸ್ತಕಗಳನ್ನು ಅಚ್ಚುಹಾಕಿದ ವೆಸ್ಲಿ ಪ್ರೆಸ್ಸು, 1887ರಲ್ಲಿ ಶುರುವಾದ ‘ವೃತ್ತಾಂತ ಪತ್ರಿಕೆ’ ಎಂಬ ವಾರಪತ್ರಿಕೆ ಎಲ್ಲವೂ ವೆಸ್ಲಿಯನ್ ಮಿಶನ್ನಿನವು. 1947ರಲ್ಲಿ ಮೆಥಡಿಸ್ಟರು ಬೇರೆ ಸಭೆಗಳ ಜೊತೆ ಕೂಡಿ ದಕ್ಷಿಣ ಇಂಡಿಯಾ ಸಭೆಯಾದರು. ನಾನು ಆ ಸಭೆಯವನೇ. ಇನ್ನು ನನ್ನ ಕಥೆ.

ನಮ್ಮ ಬಡಾವಣೆಯಲ್ಲಿ ಐದು ಮನೆಯವರು ಸೇರಿ ಶುಕ್ರವಾರ ಸಂಜೆ ಪ್ರಾರ್ಥನಾ ಕೂಟ ಶುರುಮಾಡಿದೆವು. ಒಂದು ಕೀರ್ತನೆ, ಬೈಬಲಿನ ಒಂದು ಭಾಗ, ಒಬ್ಬೊಬ್ಬರ ಸುಖದುಃಖದ ಎರಡು ಮಾತು, ಪ್ರಾರ್ಥನೆ, ಆಮೇಲೆ ಕಾಫಿ. ಎರಡು ವರ್ಷದಲ್ಲಿ ಮೂವತ್ತು ದಾಟಿದೆವು. ಚಪ್ಪಲಿಗಳ ಸಾಲು ಗೇಟಿನವರೆಗೆ ಬರುತ್ತಿತ್ತು. ಹೆಂಗಸರು ಮಕ್ಕಳು ಅಡುಗೆಮನೆಯಲ್ಲಿ ಕೂರುತ್ತಿದ್ದರು. ಮಾತಾಡುತ್ತಿದ್ದವರು ಮಾತ್ರ ಅದೇ ನಾಲ್ಕು ಜನ, ಅವರಲ್ಲಿ ನಾನೊಬ್ಬ. ಹಾಜರಿಯ ಲೆಕ್ಕವೂ ನನ್ನದೇ. ಹೆಸರು ಬರೆಯುವುದನ್ನು ಬಿಟ್ಟು ತಲೆ ಎಣಿಸಿ ಮೊತ್ತ ಬರೆಯುತ್ತಿದ್ದೆ. 31, 33, 32. ಮೊತ್ತ ನೋಡಿ ಹಿಗ್ಗುತ್ತಿದ್ದೆ.

ಸಭಾಪಾಲಕರು ಬಂದು, ಇದನ್ನು ಮೂರು ಕೂಟ ಮಾಡೋಣ ಎಂದರು. ನಾನು ಎದ್ದು ನಿಂತೆ. “ಚೆನ್ನಾಗಿ ನಡೀತಿರೋದನ್ನ ಯಾಕೆ ಒಡೀಬೇಕು ಅಯ್ಯನವರೇ? ಕೂಡಿದ್ದನ್ನ ಕಳೆಯೋದು ಯಾವ ಲೆಕ್ಕ?” ಎಂದೆ. ಎಲ್ಲರೂ ತಲೆದೂಗಿದರು. ಅವರು ಸುಮ್ಮನಾದರು.

ನಮ್ಮ ಕೂಟಕ್ಕೆ ಹಿರಿಯರೊಬ್ಬರು ಬರುತ್ತಿದ್ದರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬರೇ ಇದ್ದರು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು, ಕಾಫಿ ಕುಡಿದು, ಕೈ ಮುಗಿದು ಹೋಗುತ್ತಿದ್ದರು.

ಒಂದು ದಿನ ಬ್ಯಾಂಕಿನಲ್ಲಿ ನನ್ನ ಕೌಂಟರಿಗೆ ಒಬ್ಬ ಹುಡುಗ ಅವರ ಪಾಸ್‌ಬುಕ್ ಹಿಡಿದು ಬಂದ. ಅವರ ಅಕ್ಕನ ಮೊಮ್ಮಗ. “ತಾತ ಬಚ್ಚಲಲ್ಲಿ ಜಾರಿ ಬಿದ್ರು ಸಾರ್. ಸೊಂಟದ ಮೂಳೆ ಮುರಿದಿದೆ. ಆಸ್ಪತ್ರೆಗೆ ಸೇರಿಸಿ ಐದು ವಾರ ಆಯ್ತು.”

ಐದು ವಾರ! ಸಂಜೆ ಮನೆಗೆ ಬಂದು ನನ್ನ ಪುಸ್ತಕ ತೆಗೆದೆ. ಆ ಐದು ಶುಕ್ರವಾರಗಳಲ್ಲಿ ಒಂದು ವಾರವೂ ಮೊತ್ತ ಇಳಿದಿರಲಿಲ್ಲ. ಹೊಸಬರು ಬಂದು ಆ ಜಾಗ ತುಂಬಿದ್ದರು. ಲೆಕ್ಕ ಸರಿಯಾಗಿತ್ತು, ಮನುಷ್ಯ ಇರಲಿಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: ಬೇರೆ ಯಾರಾದರೂ ವಿಚಾರಿಸಿರುತ್ತಾರೆ ಅಂದುಕೊಂಡಿದ್ದೆ.

ಕಿತ್ತಳೆಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ನಗುನಗುತ್ತಾ, “ಹೋದ ಶುಕ್ರವಾರ ಎಷ್ಟು ಜನ ಸೇರಿದ್ರಿ?” ಎಂದು ಕೇಳಿದರು. ಮೂವತ್ತಮೂರು ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಮುಂದಿನ ಶುಕ್ರವಾರ ನಾನೇ ಎದ್ದು ನಿಂತು ನಡೆದದ್ದನ್ನು ಹೇಳಿ, ಕೂಟವನ್ನು ಮೂರು ಮಾಡೋಣ ಎಂದೆ. ಸಭಾಪಾಲಕರು ಹಳೆಯದನ್ನು ಎತ್ತಿ ಆಡಲಿಲ್ಲ. ದಕ್ಷಿಣ ಕೊರಿಯಾದ ಸಿಯೋಲ್ ನಗರದ ಸಂಗತಿ ಹೇಳಿದರು. 1964ರಲ್ಲಿ ಅಲ್ಲಿನ ಪಾದ್ರಿ ಯೋಂಗಿ ಚೊ ಎಲ್ಲವನ್ನೂ ಒಬ್ಬರೇ ಮಾಡಲು ಹೋಗಿ ಕುಸಿದು ಬಿದ್ದರಂತೆ. ಆಗ ಸಭೆಯ ಹೆಂಗಸರು ತಮ್ಮ ತಮ್ಮ ಮನೆಗಳಲ್ಲಿ ಸಣ್ಣ ಕೂಟಗಳನ್ನು ನಡೆಸಿ ಸಭೆಯನ್ನು ಎತ್ತಿ ಹಿಡಿದರು. ಪ್ರತಿ ಕೂಟದಲ್ಲೂ ಮುಂದಾಳಿನ ಜೊತೆ ಕಲಿಯುವ ಒಬ್ಬ ಸಹಾಯಕಿ. ಮನೆ ತುಂಬಿದಾಗ ಅರ್ಧ ಜನರನ್ನು ಕರೆದುಕೊಂಡು ಸಹಾಯಕಿ ಹೊಸ ಕೂಟ ಶುರುಮಾಡುವುದು. ಒಡೆಯುವ ದಿನ ಬಂದಾಗ ಯಾರು ನಡೆಸುವುದು ಎಂದು ಹುಡುಕಬಾರದು, ಮೊದಲೇ ಸಿದ್ಧ ಮಾಡಿರಬೇಕು ಎಂಬುದು ಅವರ ಮಾತಿನ ಸಾರ.

ಹೊಲದ ಮನೆಯಲ್ಲಿ ಬೆಳೆದ ನನ್ನ ಹೆಂಡತಿ ಇದನ್ನೇ ಒಂದು ಮಾತಿನಲ್ಲಿ ಹೇಳಿಬಿಟ್ಟಳು: “ಒಟ್ಟಲಲ್ಲಿ ಪೈರು ಎಷ್ಟು ಹಸಿರಾಗಿದ್ದರೇನು? ಕಿತ್ತು ನಾಟಿ ಹಾಕದಿದ್ದರೆ ಭತ್ತ ಆಗುತ್ತಾ?”

ಬೇರೆಯಾಗುವುದು ಸುಲಭವಾಗಿರಲಿಲ್ಲ. ನನ್ನ ಮೂವತ್ತು ವರ್ಷದ ಗೆಳೆಯ ಇನ್ನೊಂದು ಕೂಟಕ್ಕೆ ಹೋದ. ಮೊದಲ ಶುಕ್ರವಾರ ಪಕ್ಕದ ಕುರ್ಚಿ ನೋಡಿ ಮನಸ್ಸು ಖಾಲಿಯಾಯಿತು. ಮೂರು ಕೂಟಗಳಲ್ಲಿ ಒಂದು ವರ್ಷದೊಳಗೆ ನಿಂತೂ ಹೋಯಿತು. ಅದಕ್ಕೆ ಸಹಾಯಕರನ್ನು ತಯಾರು ಮಾಡಿರಲಿಲ್ಲ. ಅಲ್ಲಿದ್ದವರನ್ನು ನಾವೇ ಹೋಗಿ ಕರೆತಂದೆವು.

ನನ್ನ ಪಾಲಿಗೆ ಬಂದ ಕೂಟ ಆ ಹಿರಿಯರ ಮನೆಯಲ್ಲೇ ಸೇರುತ್ತಿತ್ತು. ಅವರಿಗೆ ಕೋಲಿಲ್ಲದೆ ನಡೆಯಲು ಆಗುತ್ತಿರಲಿಲ್ಲ, ಆದ್ದರಿಂದ ಕೂಟವೇ ಅವರ ಬಳಿಗೆ ಹೋಯಿತು. ನಾವು ಹನ್ನೊಂದು ಜನ, ಅವರೊಬ್ಬರು. ಬೈಬಲ್ ಓದುವವರು ಅವರೇ. ಮೊಳೆಗಳನ್ನು ತಿರುವುಮುರುವಾಗಿ ಓದಿ ಪಳಗಿದ್ದ ಆ ಕಣ್ಣುಗಳು ಒಂದೊಂದು ಅಕ್ಷರವನ್ನೂ ನಿಧಾನವಾಗಿ ಮುಟ್ಟಿ ಹೋಗುತ್ತಿದ್ದವು. ಎರಡು ವರ್ಷ ಅಡುಗೆಮನೆಯಲ್ಲಿ ಕೂತು ಬಾಯಿ ಬಿಡದಿದ್ದ ಹೆಣ್ಣುಮಗಳೊಬ್ಬರು ಅಲ್ಲಿ ಹಾಡತೊಡಗಿದರು. ನಮ್ಮದು ತುಂಬಿ ಇನ್ನೊಂದು ಕೂಟ ಹುಟ್ಟಿದಾಗ ಅದರ ಮುಂದಾಳು ಅವರೇ. ಹಿರಿಯರು ಆಮೇಲೆ ಆರು ವರ್ಷ ಬದುಕಿದ್ದರು. ನಾನು ಹೊಸ ಹಾಜರಿ ಪುಸ್ತಕ ತಂದು ಹೆಸರು ಬರೆಯಲು ಶುರುಮಾಡಿದೆ. ಅದರಲ್ಲಿ ಮೊತ್ತದ ಕಾಲಂ ಇಲ್ಲ.

ಅಜ್ಜ ಅಜ್ಜಿಯರೇ, ನೀವು ಯಾವ ದೇವರನ್ನು ನಂಬಿದರೂ ಸರಿ, ನಿಮ್ಮದೂ ಒಂದು ಗುಂಪು ಇದ್ದೇ ಇರುತ್ತದೆ. ಭಜನೆಯದೋ, ಬೆಳಗಿನ ವಾಕಿಂಗ್‌ನದೋ, ಪಾರ್ಕಿನ ಕಲ್ಲುಬೆಂಚಿನದೋ. ಈ ವಾರ ಎಷ್ಟು ಜನ ಬಂದರು ಎಂದು ಎಣಿಸುವ ಬದಲು ಯಾರು ಬರಲಿಲ್ಲ ಎಂದು ನೋಡಿ. ಅದು ತಿಳಿಯದಷ್ಟು ಗುಂಪು ದೊಡ್ಡದಾಗಿದ್ದರೆ ಎರಡು ಮಾಡುವ ಕಾಲ ಬಂದಿದೆ.

ಮೊಮ್ಮಗಳು ಆ ಸಂಜೆ ಪೂರ್ತಿ ಒಪ್ಪಲಿಲ್ಲ. “ಆದ್ರೂ ಬೇಜಾರಾಗುತ್ತೆ ತಾತ,” ಎಂದಳು. “ಆಗುತ್ತೆ ಕಣಮ್ಮ, ನನಗೂ ಆಗಿತ್ತು,” ಎಂದೆ.

ತಿಂಗಳಾದ ಮೇಲೆ ಮೊನ್ನೆ ಶಾಲೆಯಿಂದ ಬಂದು ಶೂ ಬಿಚ್ಚುತ್ತಾ ಹೇಳಿದಳು:

“ತಾತ, ಇವತ್ತು ನಮ್ಮ ಬಿ ಸೆಕ್ಷನ್‌ನಲ್ಲಿ ಇಬ್ಬರು ಬಂದಿರಲಿಲ್ಲ. ಒಬ್ಬಳಿಗೆ ಜ್ವರ. ಇನ್ನೊಬ್ಬ ಯಾಕೆ ಬರಲಿಲ್ಲ ಅಂತ ಯಾರಿಗೂ ಗೊತ್ತಿಲ್ಲ. ಅವನ ಮನೆ ನಮ್ಮ ದಾರೀಲೇ ಇದೆ. ಬರ್ತೀಯಾ, ಕೇಳ್ಕೊಂಡು ಬರೋಣ?”

ನಾನು ಚಪ್ಪಲಿ ಮೆಟ್ಟಿಕೊಂಡೆ.