ಇಂಜಿನಿಯರಿಂಗ್ ಹುಡುಗರೂ ಊರಿನ ದೀಪವೂ

ಬೆಳಿಗ್ಗೆ ತ್ರಾಸಿಯಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿಗೆ ಕಾಯುವ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಕೊನೆಯ ವರ್ಷದ ಪ್ರಾಜೆಕ್ಟ್ ಯಾವುದೆಂದರೆ ಒಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳುತ್ತಾರೆ. ಅದು ಯಾರಿಗೆ ಬೇಕಾಗಿತ್ತು ಎಂದು ಮರುಪ್ರಶ್ನೆ ಹಾಕಿದರೆ ನಗುತ್ತಾರೆ. ಪ್ರಾಜೆಕ್ಟನ್ನು ತಯಾರಿಸಿಯೇ ಮಾರುವ ಅಂಗಡಿಗಳು ನಗರಗಳಲ್ಲಿರುವುದು ಗುಟ್ಟೇನೂ ಅಲ್ಲ.

ಯಾರಿಗೆ ಬೇಕಾಗಿತ್ತು ಎಂಬ ಈ ಪ್ರಶ್ನೆಯನ್ನೇ ತಲೆಗೆ ಹಚ್ಚಿಕೊಂಡ ವಿದ್ಯಾರ್ಥಿಯೊಬ್ಬರ ಮೂಲ ಊರು ನಮ್ಮ ಕೋಟದ ಹತ್ತಿರದ ಹಂದಟ್ಟು. ರೂರ್ಕೆಲಾದಲ್ಲಿ ಬೆಳೆದು, ಖರಗಪುರದ ಐಐಟಿಯಲ್ಲಿ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೌರಶಕ್ತಿಯ ಬಗ್ಗೆ ಸಂಶೋಧನೆಗೆ ತೊಡಗಿದ್ದ ಹರೀಶ್ ಹಂದೆ 1991ರಲ್ಲಿ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿದ್ದರು. ಅಲ್ಲಿ ಬಡವರು ತಮ್ಮದೇ ಹಣ ಕೊಟ್ಟು ಸೌರದೀಪ ಉರಿಸುತ್ತಿದ್ದುದನ್ನು ಕಂಡರು. ದಾನವಾಗಿ ಕೊಟ್ಟರಷ್ಟೇ ಬಡವ ತೆಗೆದುಕೊಳ್ಳುತ್ತಾನೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಹಳೆಯ ಪ್ರಬಂಧವನ್ನು ಪಕ್ಕಕ್ಕಿಟ್ಟು ಶ್ರೀಲಂಕಾದ ಮತ್ತು ಭಾರತದ ಕರೆಂಟಿಲ್ಲದ ಹಳ್ಳಿಗಳಲ್ಲಿ ಉಳಿದು ಹೊಸದನ್ನು ಬರೆದರು. 1995ರಲ್ಲಿ ಅಮೆರಿಕದ ನೆವಿಲ್ ವಿಲಿಯಮ್ಸ್ ಅವರೊಡನೆ ಸೆಲ್ಕೋ ಆರಂಭವಾಯಿತು.

ಸೌರಫಲಕಕ್ಕಿಂತ ಕಂತಿನ ಲೆಕ್ಕ ಕಠಿಣವಾಗಿತ್ತು. ತಿಂಗಳಿಗೆ 300 ರೂಪಾಯಿ ಎಂದರೆ ಕಷ್ಟ, ದಿನಕ್ಕೆ 10 ರೂಪಾಯಿ ಎಂದರೆ ಆದೀತು ಎಂದು ಬೀದಿಬದಿಯ ವ್ಯಾಪಾರಿಯೊಬ್ಬರು ಹೇಳಿದ್ದನ್ನು ಹಂದೆ ಹಲವು ಕಡೆ ನೆನೆದಿದ್ದಾರೆ. ಗಣಿತದಲ್ಲಿ ಎರಡೂ ಒಂದೇ. ಆದರೆ ದಿನದ ದುಡಿಮೆಯವನ ಕಿಸೆಯಲ್ಲಿ ಒಂದೇ ಅಲ್ಲ. ಹಾಗೆ ನೋಡಿದರೆ ನಮ್ಮ ಜಿಲ್ಲೆಯವರಿಗೆ ಇದು ಹೊಸ ಮಾತೇ ಅಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲೇ ಪಿಗ್ಮಿ ಠೇವಣಿ ಆರಂಭಿಸಿ ಮನೆಮನೆಯಿಂದ ದಿನಕ್ಕೆರಡು ಆಣೆ ಸಂಗ್ರಹಿಸಿತ್ತು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಗಿದೆ.

ಹೀಗೆ ಇಂಜಿನಿಯರ್ ಆದವರು ಬ್ಯಾಂಕ್ ಮ್ಯಾನೇಜರರ ಮುಂದೆ ಕೂರಬೇಕಾಯಿತು. ದೀಪಕ್ಕೂ ಸಾಲ ಕೊಡಿ ಎಂದು ಒಪ್ಪಿಸುವುದೂ ಒಂದು ರಾಜಕಾರಣವೇ, ಚುನಾವಣೆಯದ್ದಲ್ಲ ಅಷ್ಟೆ. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮನೆಯ ಸೌರ ಉಪಕರಣದಂಥವುಗಳ ಸಾಲವನ್ನು ರಿಸರ್ವ್ ಬ್ಯಾಂಕ್ ಆದ್ಯತಾ ವಲಯಕ್ಕೆ ಸೇರಿಸಿದೆ.

ಇದಕ್ಕೂ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಗುಂಪು ಕಟ್ಟಿದ್ದರು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಆದರೆ ನನಗೆ ಹೆಚ್ಚು ಹಿಡಿಸುವುದು ಕುಣಿಗಲ್ ತಾಲೂಕಿನ ಪುರ ಗ್ರಾಮದ ಕಥೆ. ಊರಿನ ಸೆಗಣಿಯಿಂದ ಗೋಬರ್ ಗ್ಯಾಸ್ ತೆಗೆದು ಎಲ್ಲ ಮನೆಗಳಿಗೂ ಅಡುಗೆಗೆ ಕೊಡುವುದು ಮೊದಲ ಯೋಜನೆ. ಅಷ್ಟು ಸೆಗಣಿ ಸಿಗಲಿಲ್ಲ. ಅದೇ ಗ್ಯಾಸಿನಲ್ಲಿ ಇಂಜಿನ್ ಓಡಿಸಿ ಕೊಳವೆ ಬಾವಿಯ ನೀರೆತ್ತಿ, ಮನೆಗಳಿಗೆ ದೀಪ ಕೊಡುವ ವ್ಯವಸ್ಥೆ 1987ರಲ್ಲಿ ಆರಂಭವಾಯಿತು. ಸೆಗಣಿ ತಂದುಕೊಟ್ಟ ಮನೆಗೆ ಗ್ಯಾಸ್ ತೆಗೆದ ಮೇಲಿನ ಗೊಬ್ಬರ ವಾಪಸು. ಬಾಗಿಲಿಗೇ ನೀರು ಬಂದ ಮೇಲೆ ಸೆಗಣಿ ಹೊರಲು ಜನರನ್ನು ಒತ್ತಾಯಿಸುವ ಅಗತ್ಯ ಬೀಳಲಿಲ್ಲ.

ಅದೇ 1987ರಲ್ಲಿ ಕರ್ನಾಟಕದ ಮುಂದಿನ ವಿದ್ಯುತ್ ಅಗತ್ಯದ ಬಗ್ಗೆ ಸರ್ಕಾರಿ ಸಮಿತಿಯೊಂದು ದೊಡ್ಡ ಸ್ಥಾವರಗಳ ಪಟ್ಟಿ ಮುಂದಿಟ್ಟಿತು. ರೆಡ್ಡಿ ಮತ್ತು ಸಂಗಡಿಗರು ಸುಮ್ಮನೆ ವಿರೋಧಿಸಲಿಲ್ಲ. ವಿದ್ಯುತ್ತನ್ನು ಯಾರು, ಯಾವ ಕೆಲಸಕ್ಕೆ ಬಳಸುತ್ತಾರೆ ಎಂದು ಎಣಿಸಿ, ಉಳಿತಾಯ ಮತ್ತು ಸಣ್ಣ ಮೂಲಗಳನ್ನು ಸೇರಿಸಿದರೆ ಅದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ರಾಜ್ಯ ನಡೆದೀತು ಎಂದು ತೋರಿಸಿದರು. ಸ್ಥಾವರಗಳ ಚರ್ಚೆ ಕೇಳಿಯೇ ಬೆಳೆದ ಕರಾವಳಿಯವರು ಈ ಲೆಕ್ಕವನ್ನು ಮರೆಯಬಾರದಿತ್ತು.

ಹೊರದೇಶಗಳ ವಿದ್ಯಾರ್ಥಿಗಳೂ ಇದೇ ದಾರಿಯಲ್ಲಿ ಎಡವಿ ನಡೆದವರೇ. 2000ದಲ್ಲಿ ಕೆನಡಾದ ಇಬ್ಬರು ಯುವ ಇಂಜಿನಿಯರರು ಕಟ್ಟಿದ 'ಗಡಿಯಿಲ್ಲದ ಇಂಜಿನಿಯರರು' ಸಂಘ ಆಫ್ರಿಕಾಕ್ಕೆ ವಿದ್ಯಾರ್ಥಿಗಳನ್ನು ಕಳಿಸಿತು. ಕಾಲೇಜುಗಳಲ್ಲಿದ್ದ ಅದರ ಶಾಖೆಗಳವರು ತಮ್ಮದೇ ಸರ್ಕಾರದ ಮೇಲೆ ಒತ್ತಡ ತಂದರು. ನೆರವಿನ ಹಣದಲ್ಲಿ ಕೆನಡಾದ ಸಾಮಾನನ್ನೇ ಕೊಳ್ಳಬೇಕೆಂಬ ಷರತ್ತು ತೆಗೆಯಿರಿ ಎಂಬುದು ಅವರ ಬೇಡಿಕೆಗಳಲ್ಲೊಂದು. ಕೊಟ್ಟ ಕೈಗೇ ಹಣ ಮರಳುವ ಈ ಏರ್ಪಾಡನ್ನು ಬಿಡುವುದಾಗಿ 2008ರಲ್ಲಿ ಕೆನಡಾ ಘೋಷಿಸಿತು. ಅದೇ ವರ್ಷದಿಂದ ಈ ಸಂಘ ತನ್ನ ಸೋಲುಗಳದ್ದೇ ಒಂದು ವರದಿ ಪ್ರಕಟಿಸತೊಡಗಿತು. ನಮ್ಮ ಯಾವ ಇಲಾಖೆಯೂ ಅಂಥದ್ದೊಂದನ್ನು ಅಚ್ಚು ಹಾಕಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಹುಡುಗರಿಗೆ ಅವಕಾಶವಿಲ್ಲವೆಂದಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಆಯ್ದ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತ ಬಂದಿದೆ. ವಿಷಯ ಹುಡುಕಲು ತ್ರಾಸಿಯವರು ದೂರ ಹೋಗಬೇಕಾಗಿಯೂ ಇಲ್ಲ. ಪಕ್ಕದ ಮರವಂತೆಯಲ್ಲಿ ಕಡಲಿಗೆ ಚಾಚಿದ ಕಲ್ಲಿನ ಗೋಡೆಗಳು ನಿಂತಿವೆ. ಇಂಥ ಗೋಡೆ ಒಂದು ಬದಿಯಲ್ಲಿ ಮರಳು ಹಿಡಿದರೆ ಇನ್ನೊಂದು ಬದಿಗೆ ಮರಳು ತಪ್ಪುವುದು ಅಲೆಯ ಸಹಜ ಗುಣ. ಹಾಗೆ ತಪ್ಪಿದ ಕಡೆ ಯಾರ ದೋಣಿ ನಿಲ್ಲುತ್ತದೆ, ಯಾರ ತೆಂಗು ಬೀಳುತ್ತದೆ ಎಂಬುದನ್ನು ತಿಂಗಳು ತಿಂಗಳೂ ಅಳೆದು ಬರೆದಿಟ್ಟರೆ ಮೀನುಗಾರರು ಅಧಿಕಾರಿಗಳ ಎದುರು ಇಡಲು ಕೈಯಲ್ಲಿ ಕಾಗದವಿರುತ್ತದೆ. ಅದಕ್ಕೆ ಬೇಕಾದದ್ದು ಒಂದು ಲೆವೆಲ್ ಉಪಕರಣ, ಅಳತೆಯ ಟೇಪು, ಕನಿಷ್ಠ ಎರಡು ಮಳೆಗಾಲ. ಕೊನೆಯ ವರ್ಷದ ವಿದ್ಯಾರ್ಥಿಗೆ ಸಿಗುವುದು ಒಂದೇ ಮಳೆಗಾಲ. ಹಾಗಾಗಿ ಪುಸ್ತಕವನ್ನು ಮುಂದಿನ ತಂಡಕ್ಕೆ ದಾಟಿಸುವ ಮೇಷ್ಟ್ರೊಬ್ಬರು ಬೇಕು.