ಹಳೆ ಜೀಪಿಗೆ ಸ್ಪೇಸರ್ ಹಾಕಿಸುವ ಮೊದಲು



ಸಂಘದ ಸಾಲದಲ್ಲಿ ಹಳೆ ಜೀಪು ಕೊಂಡವರು ಅಗಲದ ಟಯರು ಹಾಕಿಸುತ್ತಾರೆ. ಅದು ಒಳಗೆ ತಾಗ್ತದೆ ಅಂತ ಚಕ್ರಕ್ಕೂ ಹಬ್ಬಿಗೂ ನಡುವೆ ಸ್ಪೇಸರ್ ಎಂಬ ಲೋಹದ ಬಿಲ್ಲೆ ಇಡಿಸುತ್ತಾರೆ. ಬಿಲ್ಲೆ ದಪ್ಪ ಆದಷ್ಟೂ ನಟ್ಟಿಗೆ ಸಿಗುವ ಥ್ರೆಡ್ಡು ಕಡಿಮೆ. ಓಡುವಾಗಲೇ ಚಕ್ರ ಕಳಚಬಹುದು. ಬೆಳಿಗ್ಗೆ ಅದೇ ಜೀಪಿನಲ್ಲಿ ಶಾಲೆ ಮಕ್ಕಳು ಹೋಗುವುದನ್ನು ನಾವು ನೋಡಿದ್ದೇವೆ.

ಬೋಲ್ಟು ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದಕ್ಕೆ ನಟ್ಟು ಹಿಡಿದಿರಬೇಕು. 12 ಮಿ.ಮೀ. ಬೋಲ್ಟಿನಲ್ಲಿ 1.5 ಮಿ.ಮೀ. ಥ್ರೆಡ್ಡು ಇದ್ದರೆ 8 ಸುತ್ತು. ನಿಂತು ಎಣಿಸಿ, ಗ್ಯಾರೇಜಿನ ಹುಡುಗರು ನಕ್ಕರೆ ನಗಲಿ. ಅಷ್ಟು ಸುತ್ತು ಬಾರದಿದ್ದರೆ ಆ ಸ್ಪೇಸರ್ ಬೇಡವೇ ಬೇಡ. ಒಂದರ ಮೇಲೊಂದು ಎರಡು ಬಿಲ್ಲೆಯಂತೂ ಇಡಿಸಲೇಬಾರದು.

ಹಳೆ ಗಾಡಿಯ ಹಬ್ಬಿನಲ್ಲಿ ತುಕ್ಕು ಇದ್ದೇ ಇರ್ತದೆ. ತಂತಿ ಬ್ರಶ್ಶಿನಿಂದ ಪೂರ್ತಿ ಉಜ್ಜಿಸಿ. ಇಲ್ಲವಾದರೆ ತುಕ್ಕು ಸವೆದ ಹಾಗೆ ನಟ್ಟು ಸಡಿಲವಾಗುತ್ತದೆ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರು-ಬದುರಾಗಿ ಬಿಗಿಯಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ನೋಡಿಸಿ.

ಇಷ್ಟೆಲ್ಲ ಮಾಡಿದರೂ ಚಕ್ರ ಹೊರಗೆ ಸರಿದದ್ದರಿಂದ ಬೇರಿಂಗಿಗೆ ಭಾರ ಹೆಚ್ಚು. ನಮ್ಮನ್ನು ಕೇಳಿದರೆ, ಕಂಪನಿ ಹೇಳಿದ ಅಳತೆಯ ಟಯರನ್ನೇ ಹಾಕಿಸಿ. ಆಗ ಸ್ಪೇಸರ್ ಮಾತೇ ಬರುವುದಿಲ್ಲ.